ರಿಯಾಯಿತಿ ರಾಯರು

"ರಾಯರೇ, ಅಂಗಿ ಚೆನ್ನಾಗಿದೆಯಲ್ಲ" ಎಂದು ಬಾಯಿತಪ್ಪಿ ಅಂದಿರೋ, ಕೆಟ್ಟಿರಿ. ಹಾಲಿಗೆ ಹೊರಟಿದ್ದರೆ ಹಾಲು ಖಾಲಿಯಾಗುತ್ತದೆ, ಬಸ್ಸಿಗೆ ಹೊರಟಿದ್ದರೆ ಬಸ್ಸು ಹೋಗಿರುತ್ತದೆ. ರಾಯರು ಎದೆಯ ಹತ್ತಿರದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆದು, "ಮುಟ್ಟಿ ನೋಡಿ" ಎನ್ನುತ್ತಾರೆ. ಮುಟ್ಟಿದಿರಿ. "ಈಗ ಹೇಳಿ, ಎಷ್ಟಿರಬಹುದು?"

ಇಲ್ಲಿ ಹುಷಾರಾಗಿರಬೇಕು. ನಿಮಗೆ ನಿಜವಾಗಿ ತೋಚಿದ ಬೆಲೆ ಹೇಳಿದರೆ ರಾಯರ ಮುಖ ಸಪ್ಪಗಾಗುತ್ತದೆ. ಅದಕ್ಕಿಂತ ಕಡಿಮೆ ಹೇಳಿದಿರೋ, ಒಂದು ವಾರ ನಿಮ್ಮ ಮನೆಗೆ ಪೇಪರ್ ಕೇಳಿಕೊಂಡು ಬರುವುದಿಲ್ಲ. ಆದ್ದರಿಂದ ನಮ್ಮ ಬೀದಿಯ ಹಳಬರು ತೋಚಿದ್ದರ ಎರಡರಷ್ಟು ಹೇಳುವುದನ್ನು ರೂಢಿ ಮಾಡಿಕೊಂಡಿದ್ದಾರೆ. "ಒಂದೂವರೆ ಸಾವಿರ ಇರಬಹುದಾ?" ಎಂದರೆ ಸಾಕು, ರಾಯರು ಅರಳುತ್ತಾರೆ. "ಚೀಟಿಯಲ್ಲಿ ಬರೆದಿದ್ದು 1,800. ನಾನು ಕೊಟ್ಟಿದ್ದು 720!" ಆ ಬಣ್ಣ ಅವರಿಗೆ ಒಪ್ಪುತ್ತದೆಯೇ, ತೋಳು ಮಣಿಕಟ್ಟು ದಾಟಿ ಬೆರಳಿನ ಗೆಣ್ಣಿನವರೆಗೆ ಏಕೆ ಇಳಿದಿದೆ ಎಂಬುದೆಲ್ಲ ಚರ್ಚೆಗೆ ಬರುವ ವಿಷಯಗಳಲ್ಲ. ರಾಯರು ಮೈಮೇಲೆ ಹಾಕಿಕೊಂಡು ತಿರುಗುವುದು ಅಂಗಡಿಯವನು ಬಿಟ್ಟುಕೊಟ್ಟ ಆ 1,080 ರೂಪಾಯಿಯನ್ನು.

ಅವರ ನಿಜವಾದ ಹೆಸರು ಅಂಚೆಯವನಿಗೂ ಪಿಂಚಣಿ ಕಚೇರಿಗೂ ಗೊತ್ತು. ಮಿಕ್ಕವರಿಗೆಲ್ಲ ರಿಯಾಯಿತಿ ರಾಯರು. ಬಸವನಗುಡಿಯ ಆಸುಪಾಸಿನಲ್ಲಿ ಬೀದಿಗೊಬ್ಬರು ಇಂಥವರು ಸಿಗುತ್ತಾರೆ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲೋ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲೋ ಇವರ ಪೈಕಿಯವರು ಕೈಚೀಲ ಹಿಡಿದು ಓಡಾಡುತ್ತಿರುತ್ತಾರೆ. ಹೆಂಗಸರಿಗೆ ಬಟ್ಟೆಯ ಹುಚ್ಚು ಎಂದು ಹಾಸ್ಯ ಬರೆದುಕೊಂಡು ಬಂದ ಗಂಡಸರೆಲ್ಲ ಇವರನ್ನು ನೋಡದೆಯೇ ಬರೆದಿದ್ದಾರೆ ಎಂಬುದು ನನ್ನ ಗುಮಾನಿ. ರಾಯರ ಹೆಂಡತಿ ಲಲಿತಕ್ಕನಿಗೆ ಸೀರೆ ಬೇಕಾದರೆ ಒಂದು ಅಂಗಡಿ, ಅರ್ಧ ಗಂಟೆ ಸಾಕು. ರಾಯರಿಗೆ ಕರ್ಚೀಫು ಬೇಕಾದರೂ ಮೂರು ಅಂಗಡಿಯ ಕೊಟೇಶನ್ನು ಬೇಕು. ಜೀವಮಾನವಿಡೀ ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡಿ ನಿವೃತ್ತರಾದವರು.

ಆಷಾಢ ಎಂದರೆ ನಮಗೆ ನಿಮಗೆಲ್ಲ ಗಾಳಿ, ಜಿಟಿಜಿಟಿ ಮಳೆ, ಎರಡು ದಿನವಾದರೂ ಒಣಗದ ಟವೆಲ್ಲು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಹೊಸ ಸೊಸೆ ತವರಿಗೆ ಹೋಗಿರುತ್ತಾಳೆ. ಮದುವೆಯೇ ಇಲ್ಲದ ಮೇಲೆ ಜವಳಿ ಅಂಗಡಿಗೆ ಯಾರು ಹೋಗುತ್ತಾರೆ? ಅಂಗಡಿಯವನ ಬಾಡಿಗೆ, ಹುಡುಗರ ಸಂಬಳ, ಬಡ್ಡಿ ಇವು ಯಾವುದೂ ಆಷಾಢ ಎಂದು ನಿಲ್ಲುವುದಿಲ್ಲ. ಲಗ್ನದ ಕಾಲಕ್ಕೆ ತರಿಸಿದ್ದರಲ್ಲಿ ಮಿಕ್ಕಿದ ಮಾಲು ಕಪಾಟಿನಲ್ಲಿ ಕೂತಿರುತ್ತದೆ. ಶ್ರಾವಣಕ್ಕೆ ಹೊಸ ಮಾಲು ಇಳಿಯಬೇಕು. ವರಮಹಾಲಕ್ಷ್ಮಿ, ಅದರ ಬೆನ್ನಿಗೆ ಗೌರಿ ಹಬ್ಬ. ಹೀಗಾಗಿ ಅಂಗಡಿಯ ನೆತ್ತಿಯ ಮೇಲೆ ‘ಆಷಾಢ ಭಾರಿ ರಿಯಾಯಿತಿ’ ಏರುತ್ತದೆ. ತಮಿಳರಲ್ಲಿ ಇದೇ ‘ಆಡಿ ತಳ್ಳುಪಡಿ’. ಹಿರಿಯರು ಯಾವ ಶುಭಕಾರ್ಯಕ್ಕೂ ಆಗದೆಂದು ಬಿಟ್ಟ ತಿಂಗಳನ್ನು ವ್ಯಾಪಾರಿಗಳು ಎತ್ತಿಕೊಂಡರು, ರಾಯರು ಹಿಂದೆಯೇ ಹೋದರು.

ಅವರು ಇಂದಿಗೂ ಕಣ್ಣು ಮುಚ್ಚಿಕೊಂಡು ನೆನೆಯುವ ವರ್ಷ 2015. ಆ ವರ್ಷ ಅಧಿಕ ಆಷಾಢ ಬಿದ್ದಿತ್ತು: ಒಂದರ ಹಿಂದೆ ಒಂದು, ಎರಡು ಆಷಾಢ. ಪುರಿಯಲ್ಲಿ ಜಗನ್ನಾಥನಿಗೆ ಹೊಸ ವಿಗ್ರಹ ಮಾಡಿಸಿ ಕೂರಿಸುವ ನವಕಲೇವರ ನಡೆದದ್ದೂ ಅದೇ ಕಾರಣಕ್ಕೆ. ರಾಯರಿಗೂ ಅದು ನವಕಲೇವರವೇ ಆಯಿತು. ಆಗ ಕೊಂಡ ಪ್ಯಾಂಟುಗಳಲ್ಲಿ ಕೆಲವು ಇನ್ನೂ ಚೀಟಿ ಬಿಚ್ಚಿಸಿಕೊಂಡಿಲ್ಲ. ಮುಂದಿನ ಜೋಡಿ ಆಷಾಢ ಯಾವಾಗ ಎಂದು ಪುರೋಹಿತರನ್ನು ಕೇಳಿದರು. ಅವರು ಲೆಕ್ಕ ಹಾಕಿ 2034 ಎಂದರು. ರಾಯರು ಬೆರಳು ಮಡಿಸಿ, "ಆಗ ನನಗೆ 81. ಪರವಾಗಿಲ್ಲ, ಚಿಕ್ಕಪೇಟೆ ಮೆಟ್ರೋ ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ" ಎಂದರು.

ಜ್ಯೇಷ್ಠ ಮುಗಿಯುತ್ತ ಬಂತೆಂದರೆ ನಮ್ಮ ಮನೆಯ ಪೇಪರ್ ನಮಗೆ ಸಿಗುವುದು ಹತ್ತು ಗಂಟೆಯ ಮೇಲೆ. ರಾಯರು ಮೊದಲ ಪುಟದ ಸುದ್ದಿಯನ್ನು ಮುಟ್ಟುವುದಿಲ್ಲ, ಅದರ ಮೇಲೆ ಹೊದಿಸಿದ ಜಾಹೀರಾತಿನ ಹಾಳೆಯನ್ನು ಭೂತಗನ್ನಡಿ ಹಿಡಿದು ಓದುತ್ತಾರೆ. ‘50%’ ಎಂಬುದು ಅಂಗೈಯಷ್ಟು ಅಗಲ. ಅದರ ಬಗಲಲ್ಲಿ ‘ವರೆಗೆ’ ಎಂಬುದು ಎಲ್ಲಿದೆ ಎಂದು ಹುಡುಕಿ, ಸಿಕ್ಕಿದಾಗ ಕಳ್ಳನ ಜುಟ್ಟು ಹಿಡಿದಷ್ಟು ಸಂತೋಷಪಡುತ್ತಾರೆ. ಆಮೇಲೆ ನಮಗೆ ಪಾಠ.

"50 ಪ್ಲಸ್ 20 ಅಂತ ಹಾಕಿದಾನೆ. ಎಷ್ಟು ಬಿಟ್ಟ ಹಾಗಾಯ್ತು?"

"ಎಪ್ಪತ್ತು."

"ಇಲ್ಲೇ ನೋಡಿ ನೀವೆಲ್ಲ ಬೀಳೋದು. 100 ರೂಪಾಯಿಗೆ ಮೊದಲು 50 ಬಿಟ್ಟ. ಉಳಿದದ್ದು 50. ಇಪ್ಪತ್ತು ಪರ್ಸೆಂಟ್ ಬಿಡೋದು ಆ ಐವತ್ತರ ಮೇಲೆ, ಅಂದ್ರೆ 10. ಒಟ್ಟು 60. ಇನ್ನು 3 ಕೊಂಡ್ರೆ 1 ಉಚಿತ ಅಂತಾನಲ್ಲ, ಅದು ಬರೀ 25 ಪರ್ಸೆಂಟು. ಅದೂ ನಾಲ್ಕು ಬೇಕಾದವನಿಗೆ."

ಇಷ್ಟು ತಿಳಿದವರು ತಾವೂ ನಾಲ್ಕೇ ತರುತ್ತಾರೆ. ಒಂದು ಸಲ ತಡೆಯಲಾರದೆ ಕೇಳಿದೆ: "ರಾಯರೇ, ಮೊದಲೇ ಬೆಲೆ ಏರಿಸಿ ಆಮೇಲೆ ಇಳಿಸ್ತಾರೆ ಅನ್ನೋದು ನಿಮಗೆ ಗೊತ್ತಿಲ್ವೇ?"

"ಗೊತ್ತಿಲ್ದೆ ಏನು?" ಎಂದರು. "ಇಳಿಸದೇ ಇರೋ ಅಂಗಡಿಯೋರು ಏರಿಸಿರಲ್ವಾ? ಅವರು ಏರಿಸಿ ಸುಮ್ಮನೆ ಕೂತಿರ್ತಾರೆ. ಇವರು ಕೊನೇಪಕ್ಷ ನನ್ನ ಹತ್ತಿರ ಮಾತಾಡ್ತಾರೆ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಯೋಚಿಸಿದರೆ ಈಗಲೂ ಇಲ್ಲ. ಬೆಲೆಯ ಮುಂದೆ ತಲೆತಗ್ಗಿಸಿ ಕಾರ್ಡು ಉಜ್ಜಿ ಬರುವ ನಮ್ಮಂಥವರಿಗೆ ಅಂಗಡಿಯವನ ಮುಖವೇ ನೆನಪಿರುವುದಿಲ್ಲ. ರಾಯರಿಗೆ ಚಿಕ್ಕಪೇಟೆಯಲ್ಲಿ ಯಾವ ಸೇಟುವಿನ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು ಎಂಬುದೂ ಗೊತ್ತು.

ಆ ಚಿಕ್ಕಪೇಟೆಗೆ ಹೊರಡುವುದನ್ನು ನೋಡಬೇಕು. ಮೆಟ್ರೋ ಅಂಗಡಿಯ ಬಾಗಿಲಿಗೇ ಇಳಿಸುತ್ತದಾದರೂ ಸದ್ಯಕ್ಕೆ ಬಸ್ಸೇ ಆಗಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಲಲಿತಕ್ಕನಿಗೆ ಕಂಡಕ್ಟರು ಶೂನ್ಯ ಟಿಕೆಟ್ ಕೊಡುತ್ತಾರೆ. ‘ವರೆಗೆ’ ಇಲ್ಲದ 100 ಪರ್ಸೆಂಟ್ ರಿಯಾಯಿತಿಯನ್ನು ರಾಯರು ಕಂಡದ್ದು ಅದೊಂದೇ, ಅದೂ ಹೆಂಡತಿಯ ಪಾಲಿಗೆ. ಆ ಟಿಕೆಟನ್ನು ಆಕೆಯ ಕೈಯಿಂದ ಇಸಿದುಕೊಂಡು ಜೇಬಿನಲ್ಲಿ ಭದ್ರವಾಗಿಟ್ಟುಕೊಂಡು, ತಮ್ಮ ಟಿಕೆಟ್ಟಿನ ದುಡ್ಡನ್ನು ಇಬ್ಬರಿಗೂ ಹಂಚಿ, ತಲೆಗೆ ಅರ್ಧ ಚಾರ್ಜು ಎಂದು ಬರೆದುಕೊಳ್ಳುತ್ತಾರೆ. ಅವತ್ತಿನ ವೇಷವೇ ಬೇರೆ. ಕಾಲರು ಸವೆದ ಅಂಗಿ, ಹವಾಯಿ ಚಪ್ಪಲಿ, ಕಂಕುಳಲ್ಲಿ ಯಾರದೋ ಮದುವೆಯ ತಾಂಬೂಲದ ಚೀಲ. ಬಸ್ಸಿನಲ್ಲೇ ಲಲಿತಕ್ಕನಿಗೆ ಉಪದೇಶ: "ಮುಖದಲ್ಲಿ ಆಸೆ ಕಾಣಿಸಬಾರದು. ಸೀರೆ ಹಿಡಿಸಿತೋ, ಹಿಡಿಸಿತು ಅನ್ನಬೇಡ. ‘ಯಾಕೋ ತಲೆನೋವು’ ಅನ್ನು. ನನಗೆ ಅರ್ಥ ಆಗುತ್ತೆ."

ಹಳೆಯ ಅಂಗಡಿಗಳಲ್ಲಿ ಇನ್ನೂ ಚಪ್ಪಲಿ ಬಿಟ್ಟು, ಬಿಳಿಯ ಹಾಸಿನ ಮೇಲೆ ಗೋಡೆಗೊರಗಿ ಕೂರಬೇಕು. ತೋರಿಸುವ ಹುಡುಗ ಎದುರಿಗೆ ಮಂಡಿಯೂರಿ, ಸೀರೆಯ ಮಡಿಕೆಯನ್ನು ಒಂದೇ ಏಟಿಗೆ ಬಿಚ್ಚಿ ಅಂಗಡಿಯ ಉದ್ದಕ್ಕೂ ಹರಡುತ್ತಾನೆ. ಒಂದರ ಮೇಲೊಂದು ಬಿದ್ದು ಗುಡ್ಡವಾಗುತ್ತದೆ. "ನೋಡೋಕೆ ದುಡ್ಡಿಲ್ಲ ಅಕ್ಕ, ನೋಡಿ." ಇಳಕಲ್ಲು ಬಂತು, ಮೊಳಕಾಲ್ಮೂರು ಬಂತು. ಆನೆಮರಿಯ ಬಣ್ಣದ ಒಂದು ರೇಷ್ಮೆ ಸೀರೆ ಬಂದಾಗ ಲಲಿತಕ್ಕ ಅಂಚನ್ನು ಸವರಿ, "ಯಾಕೋ ತಲೆನೋವು ಕಣ್ರೀ" ಎಂದರು.

ಹುಡುಗ ಏನೂ ಮಾತಾಡಲಿಲ್ಲ. ಆ ಸೀರೆಯನ್ನು ಗುಡ್ಡದಿಂದ ಎಳೆದು, ಮಡಿಸಿ, ತನ್ನ ಬಲಗಡೆ ಪಕ್ಕಕ್ಕಿಟ್ಟುಕೊಂಡ. ಗಂಡಹೆಂಡಿರ ಇಂಥ ಗುಟ್ಟಿನ ಮಾತುಗಳನ್ನು ಅವನು ದಿನಕ್ಕೆ ಎಷ್ಟು ಕೇಳುತ್ತಾನೋ. ಕೆಲವರಿಗೆ ತಲೆನೋವು, ಕೆಲವರಿಗೆ ಊಟದ ಹೊತ್ತು, ಕೆಲವರಿಗೆ ಮಕ್ಕಳು ಸ್ಕೂಲಿನಿಂದ ಬರುವ ಸಮಯ. "ಅಕ್ಕನಿಗೆ ಒಂದು ಕಾಫಿ ತಾರೋ" ಎಂದು ಸೇಟು ಗಲ್ಲಾದಿಂದಲೇ ಕೂಗಿದ. ಆ ಕೂಗಿನಲ್ಲೇ ಬೆಲೆ ಗಟ್ಟಿಯಾಯಿತು.

ಇದು ತಿಳಿಯದ ರಾಯರು ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದಿದ್ದರು. ಜವಳಿಯವರು ಅಸಲು ಬೆಲೆಯನ್ನು ಗುಟ್ಟಕ್ಷರಗಳಲ್ಲಿ ಚೀಟಿಯ ಮೂಲೆಗೆ ಬರೆದಿಡುವುದುಂಟು. ಬೇರೆ ಬೇರೆ ಹತ್ತು ಅಕ್ಷರಗಳ ಒಂದು ಪದ ಹಿಡಿದು ಒಂದೊಂದಕ್ಕೆ ಒಂದೊಂದು ಅಂಕಿ. ಆ ಪದ ಯಾವುದೆಂದು ಪತ್ತೆಹಚ್ಚಿದರೆ ಅಂಗಡಿಯ ಕೀಲಿಕೈ ಸಿಕ್ಕ ಲೆಕ್ಕವೆಂದು ರಾಯರು ಅದೆಷ್ಟೋ ಆಷಾಢಗಳನ್ನು ಅದಕ್ಕೇ ಮುಡಿಪಿಟ್ಟಿದ್ದಾರೆ. ಅವತ್ತು ಐದಾರು ಚೀಟಿ ಹೋಲಿಸಿ, ಹೆಂಡತಿಯ ಕಿವಿಯಲ್ಲಿ, "ಆರ್ ಅಂದ್ರೆ ಎರಡು, ಕೆ ಅಂದ್ರೆ ಒಂದು. ಎರಡು ಸಾವಿರದ ನೂರು ಅಸಲು" ಎಂದರು.

"ಅದು ನನ್ನ ಇನಿಷಿಯಲ್ಲು ಸಾರ್" ಎಂದ ಹುಡುಗ. "ಕಮಿಷನ್ ಲೆಕ್ಕಕ್ಕೆ ಹಾಕ್ತಾರೆ."

ರಾಯರು ಸೋಲೊಪ್ಪುವವರಲ್ಲ. ಅಸಲಿ ರೇಷ್ಮೆಯೋ ಅಲ್ಲವೋ ನೋಡಬೇಕಲ್ಲ. ರೇಷ್ಮೆ ಮಂಡಳಿಯವರು 2004ರಿಂದ ಸಿಲ್ಕ್ ಮಾರ್ಕ್ ಗುರುತು ಕೊಡುತ್ತಿದ್ದಾರೆ, ಸೀರೆಗೂ ಆ ಚೀಟಿ ಹಚ್ಚಿತ್ತು. (ಮಂಡಳಿಯ ಕೇಂದ್ರ ಕಚೇರಿ ನಮ್ಮೂರಲ್ಲೇ ಇದೆ. ಬೆಂಗಳೂರಿನವರಿಗೆ ಸಿಲ್ಕ್ ಬೋರ್ಡ್ ಅಂದರೆ ರೇಷ್ಮೆ ನೆನಪಿಗೆ ಬಂದು ಎಷ್ಟು ವರ್ಷವಾಯಿತೋ, ನೆನಪಿಗೆ ಬರುವುದು ಸಿಗ್ನಲ್ಲು.) ಆದರೆ ಚೀಟಿಯನ್ನು ನಂಬಿ ಲೆಕ್ಕ ಒಪ್ಪಿಕೊಂಡಿದ್ದರೆ ರಾಯರು ತಪಾಸಣೆಯವರು ಹೇಗಾದಾರು? ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಜವಳಿ ಅಂಗಡಿಯೊಳಗೆ ಕಡ್ಡಿ ಗೀರಿದ ಸದ್ದಿಗೆ ಅಷ್ಟೂ ಜನ ಎದ್ದುನಿಂತರು. ಸೇಟು ಕೈಮುಗಿದು ಅವರನ್ನು ಫುಟ್‌ಪಾತಿಗೆ ಕಳಿಸಿದ. ಹೊರಗೆ ಆಷಾಢದ ಗಾಳಿ. ಒಂದು ಕಡ್ಡಿ ಗೀರಿದರು, ಆರಿತು. ಇನ್ನೊಂದು, ಅದೂ ಆರಿತು. ಪಕ್ಕದ ಗುಂಡಿ ಅಂಗಡಿಯವನು ಬಂದು ಎರಡೂ ಕೈ ಮರೆಮಾಡಿ ನಿಂತ, ಬೈಕಿನವನೊಬ್ಬ ತನ್ನ ಲೈಟರ್ ಕೊಟ್ಟ. ಕೊನೆಗೆ ಎಳೆ ಸುಟ್ಟಾಗ ಮೂವರೂ ಬಾಗಿ ಮೂಸಿದರು. ರೇಷ್ಮೆಯೇ.

ಚೀಟಿಯ ಬೆಲೆ 6,400. ಆಷಾಢಕ್ಕೆ 40 ಪರ್ಸೆಂಟ್ ಕಳೆದು 3,840. ರಾಯರು 2,500 ಎಂದರು. ಸೇಟು ತಲೆಯ ಮೇಲಿನ ‘ಒಂದೇ ದರ’ ಎಂಬ ಬೋರ್ಡು ತೋರಿಸಿ, 3,600 ಎಂದ. ರಾಯರು ಎದ್ದರು. ಚೌಕಾಸಿಯಲ್ಲಿ ಹೀಗೆ ಎದ್ದು ಹೋಗುವುದೇ ಕೊನೆಯ ಅಸ್ತ್ರ, ಅದನ್ನು ಬಿಡುವ ಕ್ರಮವಿದೆ. ಜೋರಾಗಿ ನಡೆದರೆ ಕರೆಯುವುದು ಕೇಳಿಸುವುದಿಲ್ಲ, ನಿಧಾನವಾದರೆ ಆಸೆ ಗೊತ್ತಾಗುತ್ತದೆ. ಚಪ್ಪಲಿ ಹುಡುಕುವುದರಲ್ಲಿ ಸ್ವಲ್ಪ, ಹಾಕಿಕೊಳ್ಳುವುದರಲ್ಲಿ ಸ್ವಲ್ಪ, ಮೆಟ್ಟಿಲಿನ ಮೇಲೆ ಮಳೆ ನಿಂತಿತೇ ಎಂದು ಕೈಚಾಚುವುದರಲ್ಲಿ ಸ್ವಲ್ಪ ಹೊತ್ತು ಕಳೆಯಬೇಕು. ರಾಯರು ಎಲ್ಲವನ್ನೂ ಮಾಡಿದರು. ಸೇಟು ಕರೆಯಲಿಲ್ಲ. ಗುಂಡಿ ಅಂಗಡಿಯ ಮುಂದೆ ನಿಂತು ಬೇಡದ ಒಂದು ಡಜನ್ ಗುಂಡಿಯ ಬೆಲೆ ಕೇಳಿದರು. ಆಗಲೂ ಕರೆಯಲಿಲ್ಲ. ಬಲಗಡೆ ಇಟ್ಟುಕೊಂಡಿದ್ದ ಸೀರೆಯನ್ನು ಆ ಹೊತ್ತಿಗೆ ಹುಡುಗ ಕವರಿಗೆ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದಾಗಿತ್ತು. ಇವರು ಎದ್ದುಬಂದರೂ ಲಲಿತಕ್ಕ ಕಾಫಿ ಮುಗಿದಿಲ್ಲವೆಂದು ಒಳಗೇ ಕೂತಿದ್ದರು.

3,300ಕ್ಕೆ ಮುಗಿಯಿತು. ಕೊನೆಯ 300ನ್ನು ಬಿಡಿಸಿದವರು ಲಲಿತಕ್ಕ. ಸೇಟುವಿನ ತಾಯಿಯ ಮಂಡಿನೋವು ಹೇಗಿದೆ ಎಂದು ಕೇಳಿದರಂತೆ, ಅಷ್ಟೇ. ರಾಯರ ಲೆಕ್ಕದಲ್ಲಿ ಅದು ಗುಂಡಿ ಅಂಗಡಿಯ ಮುಂದೆ ನಿಂತದ್ದರ ಫಲ.

ಅಲ್ಲಿಂದ ಬರುವಾಗ ಮೈಸೂರು ಸಿಲ್ಕಿನ ಸರ್ಕಾರಿ ಮಳಿಗೆ ಎದುರಾದರೆ ರಾಯರು ರಸ್ತೆಯ ಆ ಬದಿಗೆ ದಾಟುತ್ತಾರೆ. ಮಹಾರಾಜರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯ ಸೀರೆ, ಅಪ್ಪಟ ಜರಿ, ಒಂದೊಂದಕ್ಕೂ ನಂಬರು, ಎಲ್ಲ ಸರಿ. ಆದರೆ ಅಲ್ಲಿ ಬರೆದ ಬೆಲೆಯೇ ಬೆಲೆ. "ಮಾತಾಡೋಕೆ ಏನೂ ಇಲ್ಲದ ಕಡೆ ಯಾಕೆ ಹೋಗೋದು?" ಎನ್ನುತ್ತಾರೆ. ಅಮೆರಿಕದಲ್ಲಿ ಮಗಳ ಮನೆಗೆ ಹೋದಾಗಲೂ ಇದೇ ಗೋಳು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಮಾರನೆಯ ದಿನದ ಬ್ಲ್ಯಾಕ್ ಫ್ರೈಡೇ ಎಂಬ ಜಾತ್ರೆಗೆ ಅಳಿಯ ಕರೆದೊಯ್ದ. ಸಾಲು ಉದ್ದ, ರಿಯಾಯಿತಿ ಉದ್ದ, ಒಬ್ಬನೂ ಬಾಯಿ ಬಿಡುವುದಿಲ್ಲ. ಕೊಂಡದ್ದನ್ನು ರಸೀದಿ ತೋರಿಸಿ ವಾಪಸ್ ಕೊಟ್ಟರೆ ಮರುಮಾತಿಲ್ಲದೆ ದುಡ್ಡು ಕೊಡುತ್ತಾರೆಂದು ಕೇಳಿ, ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡಿನ ಕೆಳಗೆ ಬೆಳೆದ ರಾಯರು ನಂಬದೆ, ಪರೀಕ್ಷೆಗೆಂದೇ ಒಂದು ಸ್ವೆಟರ್ ಕೊಂಡು ಹಿಂತಿರುಗಿಸಿದರು. ಕೌಂಟರಿನ ಹುಡುಗಿ ನಕ್ಕು ದುಡ್ಡು ಕೊಟ್ಟಳು. ರಾಯರಿಗೆ ಬಹಳ ಬೇಜಾರಾಯಿತು. ಜಗಳಕ್ಕೆಂದು ಎರಡು ವಾಕ್ಯ ಇಂಗ್ಲಿಷ್ ತಯಾರು ಮಾಡಿಕೊಂಡು ಹೋಗಿದ್ದರು.

ಅವರ ಜೀವಮಾನದ ಸಾಧನೆ ಯಾವುದೆಂದರೆ 2025ರ ದೀಪಾವಳಿಯದು. ಆ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ, 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ 5 ಪರ್ಸೆಂಟ್, ಮೇಲಿನದಕ್ಕೆ 18 ಎಂದಾಯಿತು. ಸೀರೆಗೆ ಈ ತಾಪತ್ರಯವಿಲ್ಲ, ಅದು ಹೊಲಿಯದ ಬಟ್ಟೆ. ಮೊಮ್ಮಗಳ ಲಂಗ ದಾವಣಿ ಸೆಟ್ಟಿಗೆ ರೆಡಿಮೇಡ್ ಅಂಗಡಿಯವನು ತೆರಿಗೆ ಬಿಟ್ಟು 2,600 ಹೇಳಿ, ಇನ್ನು ಒಂದು ಪೈಸೆ ಬಿಡುವುದಿಲ್ಲವೆಂದು ಕೂತ. ರಾಯರು ಅವನದೇ ಕ್ಯಾಲ್ಕ್ಯುಲೇಟರ್ ಎಳೆದುಕೊಂಡರು. "ನಿನ್ನ ರೇಟಿಗೆ 18 ಸೇರಿದ್ರೆ 3,068. ನೀನು 2,500 ಹಾಕು, 5 ಸೇರಿ 2,625. ನೀನು ಬಿಡೋದು 100, ಸರ್ಕಾರ ಬಿಡೋದು 343. ನನಗೆ 443 ಉಳೀತು. ಸರ್ಕಾರವೇ ಬಿಡ್ತಾ ಇರುವಾಗ ನಿಂದೇನಪ್ಪ?" ಅಂಗಡಿಯವನು ಎರಡು ಸಲ ಒತ್ತಿ ನೋಡಿ, ಬಿಲ್ ಬರೆದು, ಸಂಜೆ ಹೊತ್ತು ಬಂದು ಲೆಕ್ಕ ಬರೆಯುತ್ತೀರಾ ಎಂದು ಕೇಳಿದ. ಲಂಗ ಮೊಮ್ಮಗಳಿಗೆ ಗಿಡ್ಡವಾಯಿತು ಎಂಬುದು ಬೇರೆ ಮಾತು.

ಇವೆಲ್ಲ ಒಂದು ನೋಟುಬುಕ್ಕಿನಲ್ಲಿ ದಾಖಲಾಗಿವೆ. ಅದರಲ್ಲಿ ಖರ್ಚು ಎಂಬ ಕಾಲಂ ಇಲ್ಲ. ದಿನಾಂಕ, ಮಾಲು, ಉಳಿತಾಯ, ಇಷ್ಟೇ. ಪುಟದ ಅಡಿಯಲ್ಲಿ ಒಟ್ಟು ಹಾಕಿ ಮುಂದಿನ ಪುಟಕ್ಕೆ ಒಯ್ಯುತ್ತಾರೆ. ಆ ಮೊತ್ತದಲ್ಲಿ ಕನಕಪುರ ರಸ್ತೆಯಲ್ಲಿ ಒಂದು ಸೈಟು ಬರುತ್ತಿತ್ತಂತೆ. "ಹಾಗಾದ್ರೆ ಆ ದುಡ್ಡು ಎಲ್ಲಿದೆ?" ಎಂದು ಲಲಿತಕ್ಕ ಒಮ್ಮೆ ಕೇಳಿದ್ದಕ್ಕೆ ರಾಯರು ಎದ್ದು ಸಂಧ್ಯಾವಂದನೆಗೆ ಹೋದರು.

ನಗುವುದು ಸುಲಭ. ರಾಯರು ಹುಟ್ಟಿದ್ದು ತುಮಕೂರು ಸೀಮೆಯ ಹಳ್ಳಿಯಲ್ಲಿ, ಆರು ಗಂಡುಮಕ್ಕಳಲ್ಲಿ ಐದನೆಯವರಾಗಿ. ದೀಪಾವಳಿಗೆ ಅಪ್ಪ ಒಂದು ಥಾನು ಪಟ್ಟೆ ಬಟ್ಟೆ ತರುತ್ತಿದ್ದರು. ಊರ ದರ್ಜಿ ಜಗಲಿಯ ಮೇಲೆ ಕೂತು ಆರೂ ಜನಕ್ಕೆ ಅದರಲ್ಲೇ ಅಂಗಿ ಹೊಲಿದು, ಮಿಕ್ಕಿದ್ದರಲ್ಲಿ ದಿಂಬಿನ ಗವುಸು ಮಾಡುತ್ತಿದ್ದ. ‘ಬೆಳೆಯೋ ಹುಡುಗ’ ಎಂದು ಅಳತೆಗಿಂತ ನಾಲ್ಕು ಬೆರಳು ಜಾಸ್ತಿ. ಅಂಗಿ ಮೈಗೆ ಸರಿಯಾಗುವ ಹೊತ್ತಿಗೆ ಅದು ತಮ್ಮನಿಗೆ ಹೋಗುತ್ತಿತ್ತು, ಅಣ್ಣನದು ಇವರಿಗೆ ಬರುತ್ತಿತ್ತು. ಅಳತೆಗೆ ಸರಿಹೊಂದಿದ ಮೊದಲ ಅಂಗಿ ಅವರ ಮೈಗೆ ಬಿದ್ದದ್ದು ಓದಲು ಬೆಂಗಳೂರಿಗೆ ಬಂದ ಮೇಲೆ, ಬಿನ್ನಿ ಮಿಲ್ಲು, ಮಿನರ್ವ ಮಿಲ್ಲುಗಳ ಕಟ್‌ಪೀಸಿನಲ್ಲಿ. ಸೊಸೈಟಿಯಲ್ಲಿ ಕಂಟ್ರೋಲ್ ಬಟ್ಟೆಗೆ ಸಾಲು ನಿಂತದ್ದನ್ನೂ ಹೇಳುತ್ತಾರೆ. ಕೈಯಲ್ಲಿ ದುಡ್ಡಿದ್ದೂ ಪೂರ್ತಿ ಬೆಲೆ ಕೊಟ್ಟು ಒಂದು ಅಂಗಿ ತರಲು ಅವರಿಗೆ ಇವತ್ತಿಗೂ ಧೈರ್ಯ ಸಾಲದು. ಒಮ್ಮೆ ಮಗ ಎಳೆದೊಯ್ದು ಕೊಡಿಸಿದ ಪೂರ್ತಿ ಬೆಲೆಯ ಅಂಗಿಯನ್ನು ರಾಯರು ಯಾರ ಹತ್ತಿರವೂ ಮುಟ್ಟಿಸಿ ನೋಡಿಲ್ಲ.

ಬಂದದ್ದೆಲ್ಲ ಸೇರುವುದು ನಡುಮನೆಯ ಕಬ್ಬಿಣದ ಬೀರುವಿಗೆ. ಅದರ ಬಾಗಿಲನ್ನು ಮಂಡಿ ಕೊಟ್ಟು ಮುಚ್ಚಬೇಕು. ಶ್ರಾವಣಕ್ಕೆ ಉಡುಪೆಲ್ಲ ಹೊಸದಾಗಬೇಕು ಎಂಬುದೇ ಆಷಾಢದ ಖರೀದಿಯ ಉದ್ದೇಶವಷ್ಟೇ? ಆದರೆ 900 ರೂಪಾಯಿಯ ಸೀರೆಗೆ ಫಾಲು, ಪಿಕೊ, ಕುಚ್ಚು, ಲೈನಿಂಗ್ ಹಾಕಿದ ಬ್ಲೌಸು ಎಂದು ಹೊರಟರೆ ಸೀರೆಯ ದುಡ್ಡಿಗಿಂತ ಮೇಲಾಗುತ್ತದೆ. ಟೈಲರು ಆಷಾಢದಲ್ಲಿ ರಿಯಾಯಿತಿ ಕೊಡುವುದಿಲ್ಲ. "ವರಮಹಾಲಕ್ಷ್ಮಿಗೆ ಆಗಲ್ಲ ಅಕ್ಕ, ಗೌರಿ ಹಬ್ಬಕ್ಕೆ ನೋಡೋಣ" ಎನ್ನುತ್ತಾನೆ. ಹಾಗಾಗಿ ಹಬ್ಬದ ದಿನ ಲಲಿತಕ್ಕ ಉಡುವುದು ಹೋದ ವರ್ಷದ್ದನ್ನೇ.

ಮಿಕ್ಕಿದ್ದು ಉಡುಗೊರೆಗೆ. ಡಬ್ಬಿಯ ಅಡಿಯಲ್ಲಿ ರಾಯರು ಪೆನ್ಸಿಲಿನಿಂದ ಗುರುತು ಮಾಡಿಡುತ್ತಾರೆ, ಯಾರಿಗೆ ಯಾವ ಮಟ್ಟದ್ದು ಎಂದು ತಿಳಿಯಲು. ಹೋದ ವರ್ಷ ಷಡ್ಡಕನ ಮನೆಯ ಗೃಹಪ್ರವೇಶದಲ್ಲಿ ದಂಪತಿಗೆ ಮರ್ಯಾದೆ ಮಾಡಿ ಸೀರೆ, ಪಂಚೆ ಕೊಟ್ಟರು. ಮನೆಗೆ ಬಂದು ಸೀರೆಯ ಡಬ್ಬಿ ತಿರುಗಿಸಿದರೆ ಅಡಿಯಲ್ಲಿ ಪೆನ್ಸಿಲಿನಲ್ಲಿ ‘ಆ. 15 / 40’. 2015ರ ಆಷಾಢ, 40 ಪರ್ಸೆಂಟ್. ಯಾವ ಯಾವ ಮನೆ ಸುತ್ತಿ ಬಂದಿತ್ತೋ, ಮಡಿಕೆ ಬಿಚ್ಚಿದವರಿಲ್ಲ. ರಾಯರು ಸಿಟ್ಟಾಗಲಿಲ್ಲ. ಅದೇ ಸೀರೆಗೆ ಈಗ ಚಿಕ್ಕಪೇಟೆಯಲ್ಲಿ ಎಷ್ಟಾಗುತ್ತದೆ ಎಂದು ವಿಚಾರಿಸಿ, ವ್ಯತ್ಯಾಸವನ್ನು ಉಳಿತಾಯದ ಕಾಲಮ್ಮಿಗೆ ಸೇರಿಸಿಕೊಂಡರು.

ಬೀರು ಖಾಲಿ ಮಾಡಿಸುವ ಶಕ್ತಿ ಇಡೀ ಬೆಂಗಳೂರಿನಲ್ಲಿ ಒಬ್ಬಳಿಗೇ ಇದೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು. ತಲೆಯ ಮೇಲೆ ಪಾತ್ರೆಯ ಬುಟ್ಟಿ, ಹೆಗಲಲ್ಲಿ ಬಟ್ಟೆಯ ಗಂಟು, ಬಾಯಲ್ಲಿ ಎಲೆಯಡಿಕೆ. ಈ ಸಲ ಆಷಾಢ ಹುಟ್ಟುವ ಮೊದಲೇ ಲಲಿತಕ್ಕ ಅವಳನ್ನು ಕರೆದು ಮೆಟ್ಟಿಲ ಮೇಲೆ ಕೂರಿಸಿದರು. ರಾಯರು ಒಂದು ರಾಶಿ ತಂದು ಹಾಕಿ, ಬುಟ್ಟಿಯಲ್ಲಿದ್ದ ದೊಡ್ಡ ತಪ್ಪಲೆಯ ಕಡೆ ಬೆರಳು ತೋರಿಸಿದರು.

ಅವಳು ಅವಸರ ಮಾಡಲಿಲ್ಲ. ಒಂದೊಂದೇ ಅಂಗಿ ಎತ್ತಿ ಬೆಳಕಿಗೆ ಹಿಡಿದಳು, ಕಾಲರಿನ ಒಳಮೈ ತಿರುವಿದಳು, ಕಂಕುಳ ಹತ್ತಿರ ಎಳೆದು ನೋಡಿದಳು. ಪ್ಯಾಂಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆದಳು. ನೋಡಿದ್ದನ್ನು ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ರಾಯರ ಕಡೆಗೇ ತಳ್ಳಿದಳು.

"ಇವು ಆಗಾಕಿಲ್ಲ ಸಾಮಿ. ಈ ಸೈಜು ಯಾರಿಗೂ ಬರಲ್ಲ. ಇದಕ್ಕೆ ಈ ಬೇಸಿನ್ ಕೊಡ್ತೀನಿ."

"ಬೇಸಿನ್ನಾ? ಚೀಟಿ ನೋಡಮ್ಮ, ಇನ್ನೂ ಕಿತ್ತಿಲ್ಲ. ಬರೆದಿರೋದು 1,800!"

"ಚೀಟಿ ನೀವೇ ಮಡಿಕ್ಕಳಿ ಸಾಮಿ. ನಂಗೆ ಬಟ್ಟೆ ಸಾಕು."

ಕಾಂಪೌಂಡಿನ ಈಚೆ ನಿಂತಿದ್ದ ನಾನು ನಗು ತಡೆದುಕೊಳ್ಳಲು ಒಳಗೆ ಹೋಗಿ ಬರಬೇಕಾಯಿತು. ಬರುವಷ್ಟರಲ್ಲಿ ಅವಳು ಎದ್ದಿದ್ದಳು. ಸಿಂಬೆ ಸುತ್ತುವುದರಲ್ಲಿ ಸ್ವಲ್ಪ, ಬುಟ್ಟಿ ಎತ್ತುವುದರಲ್ಲಿ ಸ್ವಲ್ಪ, ಗೇಟಿನ ಚಿಲಕದ ಹತ್ತಿರ ಸ್ವಲ್ಪ ಹೊತ್ತು. ರಾಯರಿಗೆ ಆ ನಡಿಗೆಯ ಅರ್ಥ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಕರೆಯಬಾರದೆಂದು ತುಟಿ ಕಚ್ಚಿ ನಿಂತರು. ಅವಳು ಬೀದಿಗಿಳಿದು, ಎದುರುಮನೆಯ ಕಡೆ ತಿರುಗಿದಳು.

"ಬಾರಮ್ಮ ಇಲ್ಲಿ!" ಎಂದರು ರಾಯರು.

ಮತ್ತೆ ಕೂತಳು. ತಪ್ಪಲೆಗೆ ಇಡೀ ರಾಶಿ ಒಪ್ಪಂದವಾಯಿತು. ಗಂಟು ಕಟ್ಟುತ್ತ, ರಾಯರ ಮುಖ ನೋಡಿ, "ಇನ್ನೆರಡು ಪ್ಯಾಂಟು ಹಾಕಿ ಸಾಮಿ, ಮುಚ್ಚಳ ಫ್ರೀ" ಎಂದಳು.

ರಾಯರು ಒಳಗೆ ಓಡಿದರು. ಬೀರುವಿನ ಬಾಗಿಲು ಬಡಿದ ಸದ್ದಾಯಿತು, ಹ್ಯಾಂಗರುಗಳು ಉದುರಿದವು. ಒಂದು ಪ್ಯಾಂಟು ಹಿಡಿದು ಬಂದು, ಅದನ್ನು ರಾಶಿಗೆ ಹಾಕಿ, ಇನ್ನೊಂದಕ್ಕಾಗಿ ಆಚೀಚೆ ನೋಡಿ, ಹಗ್ಗದ ಮೇಲೆ ಒಣಗಲು ಹಾಕಿದ್ದರ ಕಡೆ ಕೈಚಾಚಿದರು.

"ಅದು ಬೇಕಾದ್ರೆ ಕೊಡಿ" ಎಂದರು ಲಲಿತಕ್ಕ. "ಮುಚ್ಚಳದ ಮೇಲೆ ಹಿಡಿ ಬೇಕು ಅಂತ ಇನ್ನೊಂದು ಕೇಳಿದ್ರೆ ಮಾತ್ರ ನನ್ನನ್ನ ಕರೀರಿ."